ಮೈಲಾರಿಯ ಬದಲಿಗೆ

ನಾನು ಹೊಡೆಯುವವನು, ಓಡುವವನಲ್ಲ. ನಮ್ಮ ದಂಡೆಯಲ್ಲಿ ಇಷ್ಟು ಹೇಳಿದರೆ ಸಾಕು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಹಳ್ಳದ ಈಚೆಗೆ ಹುಟ್ಟಿದ ಪ್ರತಿಯೊಬ್ಬರಿಗೂ ತಮಗೆ ಒಗ್ಗದ ಒಂದು ಕೆಲಸದಿಂದ ಬಿಡುಗಡೆಯಿದೆ. ಅದನ್ನು ಅವರ ಪಾಲಿಗೆ ಇನ್ನೊಬ್ಬರು ಮಾಡುತ್ತಾರೆ. ಆ ಇನ್ನೊಬ್ಬರಿಗೆ ನಾವು ಬದಲಿ ಎನ್ನುತ್ತೇವೆ. ನನ್ನ ಹಿಟ್ಟಿನ ಗಿರಣಿಯ ಎದುರಿಗಿರುವ ದರ್ಜಿಗೆ ಸಾವಿನ ಮನೆಗೆ ಹೋಗುವುದೆಂದರೆ ಆಗದು. ಅವನ ಬದಲಿ ಹೋಗಿ, ಅವನ ಹೆಸರು ಹೇಳಿ ಅತ್ತು, ಕಣ್ಣೊರೆಸಿಕೊಂಡು ಬರುತ್ತಾನೆ. ನನ್ನ ಹೆಂಡತಿ ನೀಲವ್ವನಿಗೆ ಜಗಳ ಬಾರದು. ಅವಳಿಗೆ ನನ್ನ ಮೇಲೆ ಸಿಟ್ಟು ಬಂದರೆ ಪಕ್ಕದ ಮನೆಯ ಶಾವಂತ್ರವ್ವ ಸೆರಗು ಸಿಕ್ಕಿಸಿಕೊಂಡು ಬಂದು, ನಡುಮನೆಯಲ್ಲಿ ನಿಂತು ನನ್ನನ್ನು ಬೈಯುತ್ತಾಳೆ. ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇರುತ್ತಾಳೆ, ಏನಾದರೂ ಬಿಟ್ಟುಹೋದರೆ ಮಾತ್ರ ಮೆಲ್ಲಗೆ ನೆನಪಿಸುತ್ತಾಳೆ. ಬೈದು ದಣಿದ ಮೇಲೆ ಶಾವಂತ್ರವ್ವ ನಮ್ಮಲ್ಲೇ ಊಟ ಮಾಡಿ ಹೋಗುತ್ತಾಳೆ.

ಹಳ್ಳದ ಆಚೆದಂಡೆಯಲ್ಲಿ ಇದೆಲ್ಲ ನಡೆಯುವುದಿಲ್ಲ. ಅಲ್ಲಿ ಎಲ್ಲರೂ ಎಲ್ಲವನ್ನೂ ತಾವೇ ಮಾಡಬೇಕು. ಹಾಡಲು ಬಾರದ ತಂದೆ ಮಗಳ ಮದುವೆಯಲ್ಲಿ ತಾನೇ ಹಾಡುತ್ತಾನೆ, ಕೂತವರು ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ಅವರ ಕಣ್ಣಿಗೆ ನಾವು ಸೋಮಾರಿಗಳು, ನಮ್ಮ ಕಣ್ಣಿಗೆ ಅವರು ಒರಟರು. ಎರಡು ದಂಡೆಗಳ ನಡುವಿನ ಸೇತುವೆಯ ಮಧ್ಯದಲ್ಲಿ ಒಂದು ಬಿಳಿ ಗೆರೆ ಇದೆ. ಗೆರೆಯ ಆಚೆಗೆ ಅವರ ನೇಮ, ಈಚೆಗೆ ನಮ್ಮ ನೇಮ. ಗೆರೆ ದಾಟಿದವರು ಆ ದಂಡೆಯವರಂತೆಯೇ ನಡೆದುಕೊಳ್ಳಬೇಕು. ಅದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಎರಡೂ ದಂಡೆಗಳಿಗೆ ಸೇರಿದ ಒಂದೇ ಒಂದು ಸಂಗತಿಯೆಂದರೆ ಬೇಸ್‌ಬಾಲ್. ನಮ್ಮೂರಿನಲ್ಲಿ ಬೇರೆ ಆಟವಿಲ್ಲ. ಒಬ್ಬ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುತ್ತಾನೆ. ಇನ್ನೊಂದು ತಂಡದವರು ಒಬ್ಬೊಬ್ಬರಾಗಿ ಬಂದು ಬ್ಯಾಟು ಬೀಸುತ್ತಾರೆ. ಚೆಂಡು ತಾಗಿದರೆ ಓಡಬೇಕು, ನೆಲದಲ್ಲಿ ಹೂತ ಮೂರು ಕಲ್ಲುಗಳನ್ನು ಸುತ್ತಿ ಹೊರಟಲ್ಲಿಗೇ ವಾಪಸ್ಸು ಬಂದರೆ ಒಂದು ಓಟ. ಹೊರಟ ಜಾಗಕ್ಕೆ ಮನೆ ಎನ್ನುತ್ತೇವೆ. ಮೂರು ಸಲ ಬೀಸಿ ತಪ್ಪಿದವನು ಔಟು. ಹೊಡೆದವನು ಮೊದಲ ಕಲ್ಲು ಮುಟ್ಟುವುದರೊಳಗೆ ಚೆಂಡು ಅಲ್ಲಿಗೆ ಬಂದುಬಿಟ್ಟರೂ ಔಟು. ಕಲ್ಲಿನ ಮೇಲೆ ಕಾಲಿಟ್ಟು ನಿಂತವನು ಔಟಲ್ಲ, ಮುಂದಿನವನು ಹೊಡೆದಾಗ ಅಲ್ಲಿಂದ ಮುಂದಕ್ಕೆ ಓಡಬಹುದು. ಮೂವರು ಔಟಾದರೆ ಸರದಿ ಎದುರಿನವರಿಗೆ. ತಿಳಿಯಬೇಕಾದದ್ದು ಇಷ್ಟೇ.

ನಮ್ಮ ತಂಡದಲ್ಲಿ ಎಸೆಯುವವನು ಮೈಲಾರಿ. ಹೊಟ್ಟೆಪಾಡಿಗೆ ಅವನು ಬಳೆಗಾರ. ಎಂಥ ಬಿಗಿಯಾದ ಗಾಜಿನ ಬಳೆಯನ್ನಾದರೂ ಎಂಥ ದಪ್ಪ ಕೈಗಾದರೂ ನೋಯದಂತೆ ಏರಿಸುವ ಬೆರಳುಗಳು ಅವನವು. ಆ ಬೆರಳುಗಳಿಂದ ಹೊರಟ ಚೆಂಡು ನೇರ ಬಂದಂತೆ ಬಂದು, ಬ್ಯಾಟಿನ ಹತ್ತಿರ ಏನೋ ಮರೆತವರಂತೆ ಒಂದು ಕಡೆ ಸರಿದುಬಿಡುತ್ತಿತ್ತು. ಆದರೆ ಮೈಲಾರಿಗೆ ಬ್ಯಾಟು ಹಿಡಿಯಲು ಬಾರದು. ಬರಬೇಕಾಗಿಯೂ ಇರಲಿಲ್ಲ, ನಾನಿದ್ದೆನಲ್ಲ. ಅವನ ಸರದಿ ಬಂದಾಗ ನಾನು ಬೆಂಚಿನಿಂದ ಎದ್ದು ಹೋಗಿ ಅವನ ಬದಲಿಗೆ ಹೊಡೆಯುತ್ತಿದ್ದೆ. ಹೊಡೆದು ನಿಂತಲ್ಲೇ ನಿಲ್ಲುತ್ತಿದ್ದೆ. ನನ್ನ ಮೈಯ ತೂಕ ನೋಡಿದವರು ನನ್ನ ಬಿಡುಗಡೆ ಓಟದಿಂದ ಎಂದು ಕೇಳಿ ತಿಳಿಯಬೇಕಾಗಿಲ್ಲ. ನನ್ನ ಬದಲಿಯಾಗಿ ಭರಮಪ್ಪ ಎಂಬ ಸಣಕಲು ಮನುಷ್ಯ ಓಡುತ್ತಿದ್ದ. ಹೀಗೆ ಮೈಲಾರಿಯ ಸರದಿ, ನನ್ನ ಹೊಡೆತ, ಭರಮಪ್ಪನ ಓಟ. ಇದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಉಳಿದ ಹೊತ್ತೆಲ್ಲ ನಾನು ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದೆ.

ಪ್ರತಿ ವರ್ಷ ಬೇಸಿಗೆಗೆ ಮುಂಚೆ ಎರಡು ದಂಡೆಗಳ ನಡುವೆ ಕಪ್ಪಿನ ಆಟ, ಅರ್ಧ ಅವರ ನೆಲದಲ್ಲಿ, ಅರ್ಧ ನಮ್ಮ ನೆಲದಲ್ಲಿ. ಕಪ್ಪು ಎಂದರೆ ಬೆಳ್ಳಿಯ ಕಪ್ಪಲ್ಲ, ಟೂರಿಂಗ್ ಟಾಕೀಸ್. ಗೆದ್ದವರ ದಂಡೆಯಲ್ಲಿ ಅದರ ಡೇರೆ ವರ್ಷಪೂರ್ತಿ ನಿಲ್ಲುತ್ತದೆ. ಎಷ್ಟೋ ವರ್ಷಗಳಿಂದ ಅದು ಆಚೆದಂಡೆಯಲ್ಲೇ ಬೇರುಬಿಟ್ಟಿತ್ತು. ಸಿನಿಮಾ ನೋಡಬೇಕೆಂದರೆ ಗೆರೆ ದಾಟಿ ಹೋಗಬೇಕು. ಹೋದರೆ ಅಲ್ಲಿಯ ನೇಮ. ದುಃಖದ ಸಿನಿಮಾಕ್ಕೆ ಹೋದ ನಮ್ಮ ದರ್ಜಿ, ತಾನೇ ಅಳಬೇಕಾಗಿ ಬಂದು, ಹೇಗೆ ಅಳುವುದೆಂದು ತಿಳಿಯದೆ ಬಿಕ್ಕಳಿಕೆ ಹತ್ತಿಸಿಕೊಂಡು ಬಂದಿದ್ದ. ಮುಂದೆ ಎಷ್ಟೋ ದಿನ ಅವನ ಹೊಲಿಗೆ ಸೊಟ್ಟಗೆ ಬಂತು. ಆದ್ದರಿಂದ ನಮ್ಮವರಿಗೆ ಆ ಡೇರೆ ಈಚೆಗೆ ಬರುವುದು ಬಲು ದೊಡ್ಡ ಮಾತಾಗಿತ್ತು.

ಕಪ್ಪಿನ ಆಟದಲ್ಲಿ ಯಾರ ನೆಲವೋ ಅವರ ನೇಮ. ನಮ್ಮ ಮೈದಾನದಲ್ಲಿ ಆಡುವಾಗ ಅವರೂ ಎಸೆಯುವವನಿಗೆ ಒಬ್ಬ ಬದಲಿಯನ್ನು ಕೊಡಲೇಬೇಕು. ಅವರ ಎಸೆತಗಾರ ದುರ್ಗಪ್ಪ ಎಸೆಯುವುದರಲ್ಲೂ ಗಟ್ಟಿ, ಹೊಡೆಯುವುದರಲ್ಲೂ ಗಟ್ಟಿ. ನೀ ಹೊಡೆಯಬೇಡ, ಕೂತಿರು ಎಂದರೆ ಅವನಿಗೆ ಅವಮಾನ. ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತು ಬಿಡುತ್ತಿದ್ದ. ಆ ತಂಡದಲ್ಲಿ ಬರೀ ಹೊಡೆಯುವುದಕ್ಕೆಂದೇ ಸಾಕಿದ ಮನುಷ್ಯನಿರಲಿಲ್ಲ. ನಾನು ಹೇಳಹೊರಟ ವರ್ಷ ದುರ್ಗಪ್ಪನ ಬೀಗರು ಯಾರೋ ಹಬ್ಬದೂಟಕ್ಕೆ ಬಂದಿದ್ದವರು, ಅವರನ್ನೇ ಎಬ್ಬಿಸಿ ಕಳಿಸಿದ್ದರು. ಆ ಪುಣ್ಯಾತ್ಮ ಬ್ಯಾಟನ್ನು ತಲೆಕೆಳಗಾಗಿ ಹಿಡಿದುಕೊಂಡೇ ಔಟಾಗಿ ಹೋದ. ನಮ್ಮ ನೆಲದಲ್ಲಿ ಆಡಿದ ಆಟಗಳನ್ನೆಲ್ಲ ನಾವು ಗೆದ್ದೆವು.

ಅವರ ನೆಲದಲ್ಲಿ ಆದದ್ದು ಇದರ ತದ್ವಿರುದ್ಧ. ಅಲ್ಲಿ ಬದಲಿ ಇಲ್ಲ. ನಾನು ಬೆಂಚಿನಲ್ಲೇ ಉಳಿದೆ. ಮೈಲಾರಿ ಬ್ಯಾಟು ಹಿಡಿದು ಹೋಗಿ ನಿಂತ. ಚೆಂಡು ದುರ್ಗಪ್ಪನ ಕೈಬಿಟ್ಟಿತೋ ಇಲ್ಲವೋ, ಕಣ್ಣು ಗಟ್ಟಿಯಾಗಿ ಮುಚ್ಚಿ, ಚೆಂಡು ಹೋದ ಮೇಲೆ ಗಾಳಿಗೆ ಒಂದು ಸಲ ಬೀಸಿದ. ಆಚೆದಂಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ನೆಲದ ಆಟಗಳೆಲ್ಲ ಅವರಿಗೆ ಹೋದವು. ಸಮಸಮ ಆಯಿತು. ಕೊನೆಯ ಆಟ ಎಲ್ಲಿ ಎಂದು ಚೀಟಿ ಎತ್ತಿದರು. ಆಚೆದಂಡೆ ಬಂತು.

ಅಂದು ಸಂಜೆ ನಮ್ಮ ನಾಯಕ ಇಮಾಮಕಾಕಾ ಗಿರಣಿಗೆ ಬಂದು ಜೋಳದ ಚೀಲದ ಮೇಲೆ ಕೂತ. ಅವನು ಸುತ್ತುಬಳಸಿ ಮಾತಾಡುವವನಲ್ಲ. ಹಿಂದಿನ ಸಲ ನನ್ನನ್ನು ಬೆಂಚಿಗೆ ಹಾಕಿದ್ದು ತಪ್ಪಾಯಿತೆಂದೂ, ಈ ಸಲ ಮೊದಲ ಕಲ್ಲಿನ ಹತ್ತಿರ ಚೆಂಡು ಹಿಡಿಯಲು ನನ್ನನ್ನೇ ನಿಲ್ಲಿಸುವುದೆಂದೂ ಹೇಳಿದ. ಅಲ್ಲಿ ನಿಂತರೆ ನನಗೂ ನನ್ನದೇ ಒಂದು ಸರದಿ ಸಿಗುತ್ತದೆ, ಹೊಡೆಯಬಹುದು. ನಾನು ಹುಟ್ಟಿದಾಗಿನಿಂದ ಚೆಂಡು ಹಿಡಿದವನಲ್ಲ, ಮೇಲಾಗಿ ಹೊಡೆದರೆ ಓಡಬೇಕಾಗುತ್ತದೆ ಎಂದು ಜ್ಞಾಪಿಸಿದೆ.

"ಓಡು," ಎಂದ ಇಮಾಮಕಾಕಾ. "ಸತ್ತರ ನೋಡೂಣು."

ಇನ್ನು ಮೈಲಾರಿಗೆ ಹೊಡೆಯುವುದನ್ನು ಕಲಿಸಬೇಕು, ಅದೂ ನಾನೇ. ಅವನು ನನಗೆ ಹಿಡಿಯುವುದನ್ನು ಕಲಿಸಬೇಕು. ಗಿರಣಿಯ ಹಿಂದಿನ ಬಯಲಿನಲ್ಲಿ ದಿನಾ ಸಂಜೆ ನಮ್ಮ ಪಾಠ ಶುರುವಾಯಿತು. ನೋಡಲು ಅರ್ಧ ದಂಡೆಯೇ ಬರುತ್ತಿತ್ತು. ಮೈಲಾರಿ ನನ್ನ ಕಡೆಗೆ ಮೆತ್ತಗೆ ಚೆಂಡು ಎಸೆಯುತ್ತಿದ್ದ, ಮದುವಣಗಿತ್ತಿಯ ಕೈಗೆ ಬಳೆ ಏರಿಸಿದಷ್ಟು ಮೆತ್ತಗೆ. ಅದು ನನ್ನ ಎರಡೂ ಕೈಗಳ ನಡುವೆ ತೂರಿ ಹೊಟ್ಟೆಗೆ ಬಡಿದು ಕೆಳಗೆ ಬೀಳುತ್ತಿತ್ತು. ಹೊಟ್ಟೆಯಿಂದ ಹಿಡಿಯಬಹುದೇ ಎಂದು ಯಾರೋ ಕೇಳಿದರು. ಇಮಾಮಕಾಕಾ ಅದನ್ನೂ ಸ್ವಲ್ಪ ಹೊತ್ತು ಯೋಚಿಸಿದ.

ನಾನು ಎಸೆದಾಗ ಮೈಲಾರಿಯ ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ನನ್ನ ಎಸೆತವೋ, ಎಮ್ಮೆ ನಡೆದು ಬಂದಂತೆ ಬರುವಂಥದು. ಅದಕ್ಕೂ ಕಣ್ಣು ಮುಚ್ಚುವುದೇ? ಒಂದು ದಿನ ನನಗೆ ರೇಗಿತು, ಬ್ಯಾಟು ಕಸಿದುಕೊಂಡೆ. ಆಗ ಅವನು ಕಾರಣ ಹೇಳಿದ.

"ಎಸ್ಯಾವ ನಾನಲ್ಲೇನಣ್ಣಾ," ಎಂದ. "ಚೆಂಡು ಏನೇನು ಮಾಡಬಲ್ಲದು ಅನ್ನೂದು ನನಗ ಗೊತ್ತೈತಿ. ನಿನಗ ಗೊತ್ತಿಲ್ಲ. ಅದಕ್ಕ ನೀ ಕಣ್ ಬಿಟ್ಕೊಂಡು ನಿಂದರ್ತಿ."

ಬ್ಯಾಟನ್ನು ಅವನಿಗೇ ಕೊಟ್ಟೆ. ಗಿರಣಿಯಲ್ಲಿ ಹಿಟ್ಟು ಬೀಳುವುದನ್ನು ನೋಡುತ್ತ ಕೂತಾಗ ಇನ್ನೊಂದು ಯೋಚನೆಯೂ ಬರುತ್ತಿತ್ತು. ಇವನು ಹೊಡೆಯುವುದನ್ನು ಕಲಿತುಬಿಟ್ಟರೆ ಆಮೇಲೆ ನಾನು ಯಾರು? ಊರಿನಲ್ಲಿ ನನ್ನನ್ನು ಗಿರಣಿಯ ಗದಿಗೆಪ್ಪ ಎಂದು ಕರೆಯುವವರು ಕಡಿಮೆ, ಮೈಲಾರಿಯ ಗದಿಗೆಪ್ಪ ಎನ್ನುವವರೇ ಹೆಚ್ಚು. ನೀಲವ್ವನಿಗೆ ಹೇಳಿಕೊಂಡೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಮಾರನೇ ದಿನ ಶಾವಂತ್ರವ್ವ ಬಂದು, ಕಲಿಸುವವನಿಗೆ ಕಲಿಸುವುದರಲ್ಲಿ ಲಕ್ಷ್ಯವಿರಬೇಕು, ತನ್ನ ಮೇಲಲ್ಲ ಎಂದು ಜೋರಾಗಿ ಬೈದು ಹೋದಳು. ಅಂದಿನಿಂದ ನಾನು ಇನ್ನಷ್ಟು ನಿಷ್ಠೆಯಿಂದ ಕಲಿಸಿದೆ. ಮೈಲಾರಿ ಅಷ್ಟೇ ನಿಷ್ಠೆಯಿಂದ ಕಣ್ಣು ಮುಚ್ಚಿದ.

ಆಟದ ದಿನ ನಮ್ಮ ದಂಡೆಗೆ ದಂಡೆಯೇ ಸೇತುವೆಯ ಮೇಲೆ ಬಂತು. ಬಿಳಿ ಗೆರೆಯ ಹತ್ತಿರ ಎಲ್ಲರ ನಡಿಗೆಯೂ ನಿಧಾನವಾಯಿತು. ಬದಲಿಗಳಿಗೆ ಅಲ್ಲಿಂದಾಚೆ ಕೆಲಸವಿಲ್ಲ. ಅವರು ಹಗುರಾಗಿ ಕೈಬೀಸಿಕೊಂಡು ದಾಟಿದರು. ಉಳಿದವರು ನೀರಿಗೆ ಕಾಲಿಡುವವರಂತೆ ದಾಟಿದರು. ದಾಟಿದ ಕೂಡಲೇ ಭರಮಪ್ಪ, ಇನ್ನು ನನ್ನನ್ನು ಕೇಳಬೇಡ ಎಂದು ನನಗೆ ಹೇಳಿ ನೇರ ಭಜಿ ಅಂಗಡಿಗೆ ಹೋಗಿ ಕೂತ. ಶೇಂಗಾ ಮಾರುವ ಮುದುಕ ನೀಲವ್ವನಿಗೆ ಅಳತೆ ಕಡಿಮೆ ಹಾಕಿದ. ಅವಳು ಅಭ್ಯಾಸಬಲದಿಂದ ಶಾವಂತ್ರವ್ವನ ಮುಖ ನೋಡಿದಳು. ಶಾವಂತ್ರವ್ವ ಆಕಾಶ ನೋಡಿದಳು. ನೀಲವ್ವ ಅರ್ಧ ಪೊಟ್ಟಣವನ್ನೇ ಹಿಡಿದು ಬಂದು ಕೂತದ್ದನ್ನು ನಾನು ಮೊದಲ ಕಲ್ಲಿನ ಬಳಿಯಿಂದ ನೋಡಿದೆ. ಪಾಪ ಅನಿಸಿತು.

ಆ ಅನುಕಂಪ ಬಹಳ ಹೊತ್ತು ಉಳಿಯಲಿಲ್ಲ. ಆಟ ಶುರುವಾಗಿ ನನ್ನ ಕಡೆಗೆ ಬಂದ ಮೊದಲ ಚೆಂಡನ್ನೇ ನಾನು ಬಿಟ್ಟೆ. ಜನರ ನಡುವಿನಿಂದ ಒಂದು ಧ್ವನಿ ಎದ್ದಿತು. ತೆಳ್ಳಗಿನ, ಚೂಪಾದ, ನಾನು ಎಂದೂ ಕೇಳಿರದ ಧ್ವನಿ.

"ಕೈ ಅದಾವೋ, ರೊಟ್ಟಿ ಮುರಿಯಾಕಷ್ಟ ಇಟ್ಕೊಂಡೀರೋ?"

ನೀಲವ್ವ ಎದ್ದು ನಿಂತಿದ್ದಳು. ತನ್ನ ಬಾಯಿಂದ ಬಂದದ್ದು ತನಗೇ ನಂಬಿಕೆಯಾಗದೆ ಅತ್ತಿತ್ತ ನೋಡುತ್ತಿದ್ದಳು. ಪಕ್ಕದಲ್ಲಿದ್ದ ಶಾವಂತ್ರವ್ವ ಕಸುಬುದಾರಳ ಗಾಂಭೀರ್ಯದಿಂದ ತಲೆಯಾಡಿಸಿದಳು. ಅಷ್ಟೇ ಸಾಕಾಯಿತು. ಅಲ್ಲಿಂದ ಮುಂದೆ ನೀಲವ್ವ ಕೂರಲೇ ಇಲ್ಲ. ನನ್ನನ್ನು ಬೈದಳು, ದುರ್ಗಪ್ಪನನ್ನು ಬೈದಳು, ನಡುವೆ ಬಿಡುವು ಮಾಡಿಕೊಂಡು ಹೋಗಿ ಶೇಂಗಾದವನನ್ನು ಬೈದು ಪೊಟ್ಟಣ ತುಂಬಿಸಿಕೊಂಡು ಬಂದಳು. ಆಚೆದಂಡೆಯ ಹೆಂಗಸರು ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಅವಳಿಗೆ ಹೆದರಿ ನಾನು ಆಮೇಲೆ ಬಂದ ಚೆಂಡುಗಳನ್ನು ಹೇಗೋ ಹಿಡಿದೆ. ಒಂದನ್ನು ನಿಜವಾಗಿಯೂ ಹೊಟ್ಟೆಯಿಂದಲೇ ಹಿಡಿದೆ. ಇಮಾಮಕಾಕಾ ನನ್ನತ್ತ ನೋಡಿ ಕೈಯೆತ್ತಿದ.

ಮೈಲಾರಿ ಅಂದು ಎಸೆದಂತೆ ಎಂದೂ ಎಸೆದಿರಲಿಲ್ಲ. ಆದರೆ ದುರ್ಗಪ್ಪನೂ ಕಡಿಮೆಯಿರಲಿಲ್ಲ. ಅವರಷ್ಟೇ ಓಟ ನಮ್ಮವೂ ಆಗಿ ಆಟ ಕೊನೆಯ ಸುತ್ತಿಗೆ ಬಂತು. ಕೊನೆಗೆ ಹೊಡೆಯುವ ಮರ್ಯಾದೆ ನಮ್ಮೂರಿನಲ್ಲಿ ಬಂದ ಅತಿಥಿಗಳಿಗೆ. ಹಾಗಾಗಿ ಅವರ ಸರದಿ ಮುಗಿದು ನಮ್ಮದು ಉಳಿದಿತ್ತು. ನಮ್ಮವರು ಇಬ್ಬರು ಬೆನ್ನುಬೆನ್ನಿಗೆ ಔಟಾದರು. ಮೂರನೆಯವನು ನಾನು.

ನಾನು ಹೊಡೆದೆ. ಹೇಳಿಕೊಳ್ಳಬಾರದು, ಆದರೆ ಅಂಥ ಹೊಡೆತ ಆ ಮೈದಾನದವರು ಕಂಡಿರಲಿಲ್ಲ. ಚೆಂಡು ಹುಣಸೆಮರದ ಮೇಲಿಂದ ಹಾದು, ಅದರಾಚೆಯ ಜಾಲಿಯ ಪೊದೆಯೊಳಗೆ ಬಿತ್ತು. ನಾನು ಎಂದಿನಂತೆ ಬ್ಯಾಟನ್ನು ಊರಿಕೊಂಡು ನಿಂತು ಅದರ ಚಂದ ನೋಡಿದೆ. ಭಜಿ ಅಂಗಡಿಯಲ್ಲಿ ಕೂತಿದ್ದ ಭರಮಪ್ಪನೂ ನೋಡಿದ. ಆಮೇಲೆ ನೀಲವ್ವನ ಧ್ವನಿ ಕೇಳಿ, ಓಡಬೇಕಾದವನು ನಾನೇ ಎಂದು ನೆನಪಾಯಿತು. ಓಡಿದೆ. ಮೊದಲ ಕಲ್ಲಿನ ತನಕ ನನಗೆ ಗೊತ್ತಿತ್ತು, ಅಂದೆಲ್ಲ ಅಲ್ಲೇ ನಿಂತಿದ್ದೆನಲ್ಲ. ಅಲ್ಲಿಂದ ಮುಂದೆ ನನಗದು ಪರದೇಶ. ಬೇರೆ ಯಾರಾದರೂ ಆಗಿದ್ದರೆ ಆ ಹೊಡೆತಕ್ಕೆ ಮನೆ ಮುಟ್ಟಿ, ನೀರು ಕುಡಿದು, ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಮೂರನೇ ಕಲ್ಲು ಮುಟ್ಟುವಷ್ಟರಲ್ಲಿ ಪೊದೆಯಿಂದ ಚೆಂಡು ವಾಪಸ್ಸು ಬಂದಿತ್ತು. ಕಲ್ಲಿನ ಮೇಲೆ ಕಾಲಿಟ್ಟು, ಬಗ್ಗಿ, ಮೊಣಕಾಲು ಹಿಡಿದುಕೊಂಡು ನಿಂತೆ. ಕಣ್ಣೆದುರು ಹೊಳೆಯುವ ಚುಕ್ಕೆಗಳು ಹಾರಾಡಿದವು. ಅವುಗಳ ನಡುವೆ ಮೈಲಾರಿ ಬ್ಯಾಟು ಹಿಡಿದು ಬರುತ್ತಿದ್ದ.

ಇಮಾಮಕಾಕಾ ಮುಖ ಮುಚ್ಚಿಕೊಂಡ. ಆಚೆದಂಡೆಯವರು ಆಗಲೇ ಕೊಡೆ, ಚಾಪೆ ಮಡಚತೊಡಗಿದ್ದರು. ದುರ್ಗಪ್ಪ ಎಸೆದ. ಮೈಲಾರಿ ಕಣ್ಣು ಮುಚ್ಚಿ ಬೀಸಿದ, ತಪ್ಪಿತು. ಇನ್ನೊಂದು ಎಸೆದ. ಅದೂ ಹಾಗೇ. ಇನ್ನು ಒಂದು. ನಾನು ಮೂರನೇ ಕಲ್ಲಿನಿಂದ ಅವನ ಹೆಸರು ಕೂಗಿದೆ. ಅವನು ತಿರುಗಿ ನೋಡಿದ. ಏನು ಹೇಳಬೇಕೆಂದು ನನಗೂ ತಿಳಿಯಲಿಲ್ಲ. ಚೆಂಡು ಏನೂ ಮಾಡುವುದಿಲ್ಲ ಎನ್ನಲಾರೆ, ಅದು ಸುಳ್ಳೆಂದು ಅವನಿಗೆ ಗೊತ್ತು.

"ಬಡದರ ಬಡೀಲಿ ಬಿಡೋ," ಎಂದೆ. "ಎಲ್ಲಿ ಬಡೀತೈತಿ ಅದನ್ನಷ್ಟ ನೋಡು."

ದುರ್ಗಪ್ಪ ಎಸೆದ. ಮೈಲಾರಿ ಬ್ಯಾಟನ್ನು ಬೀಸಲಿಲ್ಲ. ಮುಖದ ಮುಂದೆ ಹಿಡಿದುಕೊಂಡು, ಎರಡೂ ಕಣ್ಣನ್ನು ಇಷ್ಟಗಲ ತೆರೆದು, ಬರುವ ಚೆಂಡನ್ನು ಕೊನೆಯವರೆಗೂ ನೋಡಿದ. ಅದು ಸರಿಯುವ ಕಡೆಗೆ ತಾನೂ ಒಂದಿಷ್ಟು ಸರಿದ. ಟಕ್ ಎಂದಿತು. ಚೆಂಡು ಬ್ಯಾಟಿನ ಹೊಟ್ಟೆಗೆ ತಾಗಿ, ಕೆಳಗೆ ಬಿದ್ದು, ಮನೆಗೂ ದಿಬ್ಬಕ್ಕೂ ನಡುವೆ ಮೆಲ್ಲಗೆ ಉರುಳತೊಡಗಿತು.

ನಾನು ಓಡಿದೆ. ದಿಬ್ಬದಿಂದ ದುರ್ಗಪ್ಪ ಇಳಿದು ಬಂದ, ಇತ್ತ ಮನೆ ಕಾಯುವವನೂ ಮುಂದೆ ನುಗ್ಗಿದ. ಆಚೆದಂಡೆಯವರ ಗುಣವೇ ಅದು, ಪ್ರತಿಯೊಬ್ಬನಿಗೂ ಇದು ತಾನೇ ಮಾಡಬೇಕಾದ ಕೆಲಸ ಎಂದೇ ಅನಿಸುತ್ತದೆ. ಇಬ್ಬರೂ ಒಟ್ಟಿಗೆ ಬಗ್ಗಿದರು, ತಲೆಗೆ ತಲೆ ಬಡಿಯಿತು, ಇಬ್ಬರೂ ಕೂತರು. ನಾನು ಮನೆ ಮುಟ್ಟಿದೆ. ನಮ್ಮವರು ಎದ್ದು ಕೂಗಿದರು. ಆದರೆ ಆ ಕೂಗಿನಲ್ಲಿ ಗೆಲುವಿರಲಿಲ್ಲ, ಗಾಬರಿಯಿತ್ತು. ತಿರುಗಿ ನೋಡಿದರೆ ಮೈಲಾರಿ ಇನ್ನೂ ಅಲ್ಲೇ ನಿಂತಿದ್ದ. ತಾನು ಹೊಡೆದ ಚೆಂಡನ್ನು, ತೊಟ್ಟಿಲಲ್ಲಿನ ಕೂಸನ್ನು ನೋಡುವಂತೆ ನೋಡುತ್ತ ನಿಂತಿದ್ದ. ಅವನು ಓಡಿ ಮೊದಲ ಕಲ್ಲು ಮುಟ್ಟದಿದ್ದರೆ ಅವನು ಔಟು, ನನ್ನ ಓಟವೂ ಲೆಕ್ಕಕ್ಕಿಲ್ಲ. ಓಡು ಎಂದು ಎಲ್ಲರೂ ಕೂಗಿದರು. ಅವನಿಗೆ ಕೇಳಿಸಲಿಲ್ಲ. ದುರ್ಗಪ್ಪ ಕೂತಲ್ಲಿಂದಲೇ ಚೆಂಡಿಗಾಗಿ ತಡಕಾಡುತ್ತಿದ್ದ.

ನಾನು ಏನನ್ನೂ ಯೋಚಿಸಲಿಲ್ಲ. ಹೋಗಿ ಮೈಲಾರಿಯ ಕೈ ಹಿಡಿದೆ, ಎಳೆದುಕೊಂಡು ಓಡಿದೆ. ಎರಡು ಹೆಜ್ಜೆ ಆದ ಮೇಲೆ ಅವನ ಕಾಲಿಗೂ ಬುದ್ಧಿ ಬಂತು. ಆಮೇಲೆ ನೋಡಿದರೆ ಅವನೇ ಮುಂದೆ, ನಾನು ಅವನ ಕೈಗೆ ಜೋತುಬಿದ್ದು ಹಿಂದೆ. ಕಲ್ಲಿನ ಹತ್ತಿರ ಇಬ್ಬರೂ ಮುಗ್ಗರಿಸಿ ಬಿದ್ದೆವು. ಅವನ ಪಾದ ಕಲ್ಲಿಗೆ ತಾಗಿದ ಮೇಲೆ ಚೆಂಡು ನಮ್ಮ ತಲೆಯ ಮೇಲಿಂದ ಹಾದು ಹೋಯಿತು.

ಗದ್ದಲವಾಯಿತು. ಆಚೆದಂಡೆಯವರು ಮೈದಾನಕ್ಕೆ ಇಳಿದರು. ಇವನ ಬದಲಿಗೆ ಅವನು ಓಡಿದ್ದಾನೆ, ಈ ನೆಲದಲ್ಲಿ ಅದು ಸಲ್ಲದು ಎಂದರು. ನಮ್ಮವರು ಇಲ್ಲ ಎಂದರು, ಆದರೆ ವಾದಿಸಬಲ್ಲ ನಮ್ಮ ಬದಲಿಗಳೆಲ್ಲ ಅಲ್ಲಿ ಬಾಯಿ ಬಿಡುವಂತಿರಲಿಲ್ಲ. ನೀಲವ್ವ ಒಬ್ಬಳೇ ಅಷ್ಟೂ ಜನರಿಗೆ ಉತ್ತರ ಕೊಡುತ್ತಿದ್ದಳು. ತೀರ್ಪು ಹೇಳಬೇಕಾದವಳು ಯಮನಕ್ಕ, ಆಚೆದಂಡೆಯ ಸೂಲಗಿತ್ತಿ. ಮೈದಾನದಲ್ಲಿದ್ದವರಲ್ಲಿ ಅರ್ಧ ಜನರನ್ನು ಹೆರಿಗೆಯಲ್ಲಿ ಕೈಗೆತ್ತಿಕೊಂಡವಳು ಅವಳೇ. ಅವಳು ಕೋಲೂರಿಕೊಂಡು ಬಂದಳು. ಎಲ್ಲರೂ ಸರಿದು ದಾರಿ ಬಿಟ್ಟರು. ಓಡಿದವನು ಯಾರು ಎಂದು ಕೇಳಿದಳು. ನಾನು ಬಾಯಿ ತೆರೆದೆ. ನಿನ್ನನ್ನು ಕೇಳಲಿಲ್ಲ ಎಂದು ಕೋಲನ್ನು ಮೈಲಾರಿಯ ಕಡೆಗೆ ತೋರಿಸಿದಳು.

ಮೈಲಾರಿ ನಾಲ್ಕು ಜನರ ಮುಂದೆ ಮಾತಾಡಿದವನಲ್ಲ. ಧೂಳಿನಲ್ಲಿ ಕೂತಿದ್ದವನು ನನ್ನನ್ನೊಮ್ಮೆ ನೋಡಿದ. ತನ್ನ ಕಾಲನ್ನು ನೋಡಿಕೊಂಡ. ಕಲ್ಲಿಗೆ ಎಡವಿ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬರುತ್ತಿತ್ತು.

"ಕೈ ಅಣ್ಣಂದು," ಎಂದ. "ಕಾಲು ನನ್ನವ."

ಯಮನಕ್ಕ ಬಗ್ಗಿ ಆ ಹೆಬ್ಬೆರಳನ್ನು ನೋಡಿದಳು. ಆಮೇಲೆ ನೆಟ್ಟಗಾಗಿ ತನ್ನ ಜನರ ಕಡೆ ತಿರುಗಿದಳು. "ಒಬ್ಬರ ಬದಲಿಗೆ ಇನ್ನೊಬ್ಬರು ಹಡೀಲಾಕ ಬರೂದಿಲ್ಲ," ಎಂದಳು. "ಆದರ ಕೈ ಹಿಡಕೋಬ್ಯಾಡ ಅಂತ ನಾ ಯಾರಿಗೂ ಹೇಳಿಲ್ಲ." ಇಷ್ಟು ಹೇಳಿ, ಓಟ ಲೆಕ್ಕಕ್ಕುಂಟು ಎಂಬಂತೆ ಕೋಲೆತ್ತಿ ತೋರಿಸಿ ಹೋಗಿಬಿಟ್ಟಳು. ಅವಳ ಮಾತಿಗೆ ಎದುರಾಡುವ ರೂಢಿ ಆ ದಂಡೆಯಲ್ಲಿರಲಿಲ್ಲ. ದುರ್ಗಪ್ಪ ಹಣೆಯ ಬುಗುಟು ಉಜ್ಜಿಕೊಳ್ಳುತ್ತಲೇ ಬಂದು ಮೈಲಾರಿಯನ್ನು ಎಬ್ಬಿಸಿದ.

ಡೇರೆ ಈಚೆದಂಡೆಗೆ ಬಂತು. ಮೊದಲ ಸಿನಿಮಾಕ್ಕೆ ಮುಂಚೆ ಅದರೊಳಗೇ ಸನ್ಮಾನ ಇಟ್ಟುಕೊಂಡಿದ್ದರು. ಇಲ್ಲಿ ನಮ್ಮ ನೇಮ. ನಮ್ಮ ಹಿರಿಯ ವಿರೂಪಾಕ್ಷಯ್ಯನವರು ಎದ್ದು, ಕೊನೆಯ ಹೊಡೆತ ಬಂದದ್ದು ಮೈಲಾರಿಯ ಸರದಿಯಲ್ಲಿ, ಮೈಲಾರಿಯ ಸರದಿಯ ಹೊಡೆತವೆಲ್ಲ ಗದಿಗೆಪ್ಪನದು ಎಂದು ಹೇಳಿ ನನಗೆ ಹಾರ ಹಾಕಿದರು. ಗೆಲುವಿನ ಓಟ ಗದಿಗೆಪ್ಪನದು, ಗದಿಗೆಪ್ಪನ ಓಟವೆಲ್ಲ ಭರಮಪ್ಪನದು ಎಂದು ಭರಮಪ್ಪನಿಗೆ ಶಾಲು ಹೊದಿಸಿದರು. ಆ ಓಟ ನಡೆದಾಗ ಭಜಿ ತಿನ್ನುತ್ತಿದ್ದ ಭರಮಪ್ಪ, ದಣಿದವನಂತೆ ನಕ್ಕು ಕೈಮುಗಿದ. ಮೈಲಾರಿ ಮುಂದಿನ ಸಾಲಿನಲ್ಲಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತು ಚಪ್ಪಾಳೆ ತಟ್ಟುತ್ತಿದ್ದ. ನನಗೆ ಹಾರದೊಳಗೆ ಇರುವೆ ಬಿಟ್ಟಂತಾಯಿತು. ಇದು ನನ್ನದಲ್ಲ ಎಂದು ಇಮಾಮಕಾಕಾನ ಕಿವಿಯಲ್ಲಿ ಹೇಳಿದೆ. ನೇಮ ನೇಮವೇ ಎಂದ ಅವನು.

ಅಷ್ಟರಲ್ಲಿ ಚಪ್ಪಾಳೆ ನಿಂತು, ಮೈಲಾರಿ ಎದ್ದು ನಿಂತಿದ್ದ. ಹೋಗಬೇಕೋ ಕೂರಬೇಕೋ ತಿಳಿಯದವನಂತೆ ಸ್ವಲ್ಪ ಹೊತ್ತು ಹಾಗೇ ಇದ್ದ.

"ಆ ಹೊಡೆತ ನಂದ್ರಿ," ಎಂದ.

ನಮ್ಮ ದಂಡೆಯಲ್ಲಿ ತನ್ನ ಬಿಡುಗಡೆಯನ್ನು ಯಾರೂ ವಾಪಸ್ಸು ಕೊಟ್ಟ ನೆನಪಿಲ್ಲ. ನಾನು ಹಾರ ತೆಗೆದು ಕೈಯಲ್ಲಿ ಹಿಡಿದೆ. ಯಾರ ಕೊರಳಿಗೆ ಹಾಕಬೇಕೆಂದು ವಿರೂಪಾಕ್ಷಯ್ಯನವರಿಗೆ ತಿಳಿಯಲಿಲ್ಲ. ತೀರ್ಮಾನ ಮಾಡುವುದರಿಂದಲೇ ಬಿಡುಗಡೆ ಪಡೆದ ಮನುಷ್ಯ ಅವರು, ಹಿರಿಯರನ್ನಾಗಿ ಅವರನ್ನು ಆರಿಸಿದ್ದೂ ಅದಕ್ಕೇ. ಅವರ ಬದಲಿಯಾಗಿ ತೀರ್ಮಾನ ಮಾಡುವ ಸೊಸೆ ಅಂದು ತವರಿಗೆ ಹೋಗಿದ್ದಳು. ಹಾರವನ್ನು ಡೇರೆಯ ಕಂಬದ ಮೊಳೆಗೆ ತೂಗುಹಾಕಿ ಸಿನಿಮಾ ಶುರುಮಾಡಿದರು. ಹಾರ ಅಲ್ಲೇ ಒಣಗಿತು.

ಸೊಸೆ ತವರಿನಿಂದ ಬಂದ ಮೇಲೂ ಆ ತೀರ್ಮಾನಕ್ಕೆ ಬಹಳ ದಿನ ಹಿಡಿಯಿತು. ಎಸೆಯುವವನು ತಾನೇ ಹೊಡೆಯುತ್ತೇನೆ ಎಂದರೆ ಬದಲಿ ನೇಮ ಮುರಿದಂತೆ, ಒಂದು ಮುರಿದರೆ ನಾಳೆ ಎಲ್ಲರೂ ಕೇಳುತ್ತಾರೆ. ಬೇಡ ಎನ್ನೋಣವೆಂದರೆ ಡೇರೆ ಬಂದದ್ದೇ ಮೈಲಾರಿಯ ಹೊಡೆತದಿಂದ. ನೀಲವ್ವನೂ ಈ ನಡುವೆ ದಿನಬಿಟ್ಟು ದಿನ ಸೇತುವೆ ದಾಟಿ, ಶೇಂಗಾದವನ ಜತೆ ಒಂದಿಷ್ಟು ಜಗಳವಾಡಿ, ಮುಖ ಅರಳಿಸಿಕೊಂಡು ಬರುತ್ತಿದ್ದಳು. ಕೆಲಸ ಕಡಿಮೆಯಾಯಿತೆಂದು ಶಾವಂತ್ರವ್ವ ನನ್ನ ಹತ್ತಿರ ದೂರಿದಳು. ನನಗಿಂತ ನಿನ್ನದು ಮೇಲು, ನಿನ್ನ ಊಟ ತಪ್ಪಿಲ್ಲ ಎಂದೆ ನಾನು. ನನ್ನ ಸಂಜೆಗಳು ಖಾಲಿಯಾಗಿದ್ದವು. ಕೈ ಸುಮ್ಮನಿರದೆ, ಗಿರಣಿಯ ಗೋಡೆಗೆ ಚೆಂಡು ಎಸೆದು ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಹತ್ತರಲ್ಲಿ ಎಷ್ಟೋ ಬೀಳುತ್ತಿದ್ದವು. ಒಂದು ಸಂಜೆ ಇಮಾಮಕಾಕಾ ನೋಡಿ, ಈ ವರ್ಷವೂ ಮೊದಲ ಕಲ್ಲು ನಿನ್ನದೇ, ನಮ್ಮ ನೆಲದಲ್ಲೂ ಎಂದು ಹೇಳಿ ಹೋದ.

ಮುಂದಿನ ಹಂಗಾಮಿನ ಮೊದಲ ಆಟ ನಮ್ಮ ಮೈದಾನದಲ್ಲಿ. ಮೈಲಾರಿಯ ಸರದಿ ಬಂತು. ನಾನು ಬೆಂಚಿನ ಮೇಲೆ ಕೂತಿದ್ದೆ, ಏಳಬೇಕೋ ಬೇಡವೋ ತಿಳಿಯದೆ. ಎಲ್ಲರೂ ವಿರೂಪಾಕ್ಷಯ್ಯನವರ ಸೊಸೆಯ ಕಡೆ ನೋಡಿದರು. ಅವಳು ಧ್ವನಿವರ್ಧಕದವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಗಂಟಲು ಸರಿಮಾಡಿಕೊಂಡು, ಮೈಲಾರಿಯ ಬದಲಿಗೆ ಈಗ 'ಮೈಲಾರಿ' ಹೊಡೆಯುತ್ತಾರೆ ಎಂದು ಸಾರಿದ. ಜನ ಒಂದು ಕ್ಷಣ ಯೋಚಿಸಿದರು. ನೇಮ ಎಲ್ಲೂ ಮುರಿದಿರಲಿಲ್ಲ. ಚಪ್ಪಾಳೆ ತಟ್ಟಿದರು.

ಮೈಲಾರಿ ಹೋಗಿ ನಿಂತ. ಕಣ್ಣು ತೆರೆದುಕೊಂಡೇ ಇದ್ದ, ಅದನ್ನು ನಾನು ನೋಡಿದೆ. ದುರ್ಗಪ್ಪ ಮೂರು ಚೆಂಡು ಎಸೆದ. ಮೈಲಾರಿ ಮೂರಕ್ಕೂ ಬೀಸಿದ, ಮೂರೂ ತಪ್ಪಿದವು. ಅವನು ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು ನಿಧಾನವಾಗಿ ನಡೆದು ಬಂದು ನನ್ನ ಪಕ್ಕದಲ್ಲಿ ಕೂತ. ನನ್ನ ಪೊಟ್ಟಣದಿಂದ ನಾಲ್ಕು ಶೇಂಗಾ ತೆಗೆದುಕೊಂಡು ಸುಲಿದ.

"ನನ್ನ ಬದಲಿ ಆಡೂದು ಅಷ್ಟಕ್ಕಷ್ಟ ಐತಣ್ಣಾ," ಎಂದ.

"ಹೊಸಾವ ಅದಾನ," ಎಂದೆ. "ಇನ್ನಷ್ಟು ದಿನ ನೋಡೂಣು."

ಅವನು ತಲೆಯಾಡಿಸಿ ಸಿಪ್ಪೆ ಕೊಡವಿ ಎದ್ದ. ನಮ್ಮ ಸರದಿ ಮುಗಿದಿತ್ತು. ಅವನು ದಿಬ್ಬದ ಕಡೆ ಹೋದ, ನಾನು ಮೊದಲ ಕಲ್ಲಿನ ಕಡೆ ನಡೆದೆ.